ಹುರುಳಿ ತುಂಬಿದ ದಿಂಬು ಮತ್ತು ಏಳು ಕಿಲೋ ಲೆಕ್ಕ: ಕ್ಯಾಮೆರಾ ಚೀಲದೊಂದಿಗೆ ಮಸಾಯಿ ಮಾರಾಕ್ಕೆ

ಮೊದಲ ಸಲ ಕೀನ್ಯಾದ ವನ್ಯಧಾಮ ಮಸಾಯಿ ಮಾರಾಕ್ಕೆ ಹೊರಟಾಗ ನನ್ನ ಚೀಲವನ್ನು ನುಂಗಿದ ಎಕ್ಸ್‌-ರೇ ಯಂತ್ರ ಹಾಗೆಯೇ ನಿಂತುಬಿಟ್ಟಿತು. ಪಟ್ಟಿ ಹಿಂದಕ್ಕೆ ಸರಿಯಿತು, ಮತ್ತೆ ಮುಂದಕ್ಕೆ ಬಂತು. ತೆರೆಯ ಮುಂದೆ ಕುಳಿತಿದ್ದವರು ಪಕ್ಕದವರನ್ನು ಕರೆದು ಬೆರಳಿಟ್ಟು ಏನನ್ನೋ ತೋರಿಸಿದರು. ನನ್ನ ಉದ್ದನೆಯ ಲೆನ್ಸ್ ಮೇಲೆ ಅನುಮಾನ ಬಂದಿರಬೇಕು ಎಂದುಕೊಂಡು, ಅದರ ಬಿಲ್ಲನ್ನು ಕೈಯಲ್ಲಿ ಹಿಡಿದು ಸಿದ್ಧನಾದೆ. ಅವರು ಹೊರತೆಗೆದದ್ದು ಲೆನ್ಸನ್ನಲ್ಲ, ಜೀಪಿನ ಕಿಟಕಿಯ ಮೇಲೆ ಲೆನ್ಸ್ ಊರಿಡಲೆಂದು ನಮ್ಮ ಬೀದಿಯ ದರ್ಜಿಯಿಂದ ಹೊಲಿಸಿದ್ದ ಬಟ್ಟೆಯ ದಿಂಬನ್ನು. ಒಳಗೆ ಎರಡು ಕೆ.ಜಿ. ಹುರುಳಿ. ‘ಅಲ್ಲಿ ಅಡುಗೆ ನೀವೇ ಮಾಡಿಕೊಳ್ಳುತ್ತೀರಾ?’ ಎಂದು ಅವರು ಗಂಭೀರವಾಗಿಯೇ ಕೇಳಿದರು. ಹಿಂದಿನ ಸಾಲಿನಲ್ಲಿದ್ದವರೆಲ್ಲ ನಕ್ಕರು. ಹುರುಳಿ ಅಲ್ಲೇ ಉಳಿಯಿತು, ಖಾಲಿ ದಿಂಬು ನನ್ನೊಡನೆ ಬಂತು.

ಆಮೇಲೆ ಹಲವು ಸಲ ಹೋಗಿ ಬಂದಿದ್ದೇನೆ. ಒಂದು ಸಲವೂ ಯಾರೂ ಲೆನ್ಸ್ ಬಗ್ಗೆ ತಕರಾರು ಎತ್ತಿಲ್ಲ. ತಪಾಸಣೆಯವರು ದಿನಕ್ಕೆ ಎಷ್ಟೋ ಕ್ಯಾಮೆರಾ ನೋಡುತ್ತಾರೆ. ಅವರನ್ನು ತಡೆದು ನಿಲ್ಲಿಸುವುದು ಏನೆಂದು ಗೊತ್ತಾಗದ ವಸ್ತು, ಒಂದರ ಮೇಲೊಂದು ತುರುಕಿದ ವಸ್ತು. ಕ್ಯಾಮೆರಾ ಹೊತ್ತವನಿಗೆ ನಿಜವಾದ ಪರೀಕ್ಷೆ ಇರುವುದು ತಪಾಸಣೆಗೆ ಮುಂಚಿನ ತಕ್ಕಡಿಯಲ್ಲಿ ಮತ್ತು ಮರಳಿ ಬಂದಾಗಿನ ಸುಂಕದ ಮೇಜಿನಲ್ಲಿ. ರಂಗನತಿಟ್ಟು, ಕಬಿನಿ, ಬಂಡೀಪುರಗಳಲ್ಲಿ ಕೈ ಪಳಗಿಸಿಕೊಂಡು ಈಗ ಜುಲೈನಿಂದ ಅಕ್ಟೋಬರ್‌ವರೆಗಿನ ವಿಲ್ಡಬೀಸ್ಟ್ ಎಂಬ ಹುಲ್ಲೆಗಳ ವಲಸೆ ನೋಡಲು ಕೀನ್ಯಾಕ್ಕೆ ಹೊರಡುವ ಗೆಳೆಯರು ಪ್ರತಿ ವರ್ಷ ಕೇಳುವ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು, ಬೆಂಗಳೂರಿನಿಂದ ಮಾರಾದವರೆಗೆ ಕ್ರಮವಾಗಿ ಬರೆದಿದ್ದೇನೆ. ಬೇರೆ ದೇಶಕ್ಕೆ ಹೋಗುವವರಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ.

ಮೊದಲು ತಕ್ಕಡಿ

ಹೊರಡುವ ವಾರದ ಮುಂಚೆಯೇ ಎಲ್ಲ ಸಾಮಾನನ್ನೂ ನೆಲದ ಮೇಲೆ ಹರಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದು ಒಂದೊಂದನ್ನೇ ತೂಗಿ, ಕಾಗದದ ಮೇಲೆ ಬರೆದುಕೊಳ್ಳಿ. ಅಂದಾಜು ಇಲ್ಲಿ ಯಾವಾಗಲೂ ಕೈಕೊಡುತ್ತದೆ.

ಒಂದು ಉದಾಹರಣೆ ನೋಡಿ. ಸೋನಿಯ 200-600 ಮಿ.ಮೀ. ಲೆನ್ಸ್, ಟ್ರೈಪಾಡಿಗೆ ಜೋಡಿಸುವ ಅದರ ಕಾಲು ಬಿಟ್ಟು, 2,115 ಗ್ರಾಂ. ಎ7-4 ಬಾಡಿ (ಲೆನ್ಸ್ ಇಲ್ಲದ ಕ್ಯಾಮೆರಾ) ಬ್ಯಾಟರಿ ಸಹಿತ 658 ಗ್ರಾಂ. ಕಾಡಿಗೆ ಹೋಗುವವರು ಎರಡು ಬಾಡಿ ಒಯ್ಯುವುದು ವಾಡಿಕೆ, ಆದ್ದರಿಂದ 1,316. ಎರಡನೇ ಪೀಳಿಗೆಯ 70-200 ಎಫ್‌2.8 ಲೆನ್ಸ್ 1,045. ಭೂದೃಶ್ಯಕ್ಕೆಂದು 24-105 ಇಟ್ಟುಕೊಂಡರೆ ಇನ್ನೂ 663. ಒಟ್ಟು 5,139 ಗ್ರಾಂ. ಮೆತ್ತೆ ಹಾಕಿದ ಒಳ್ಳೆಯ ಬೆನ್ನುಚೀಲ ಖಾಲಿ ಇದ್ದಾಗಲೇ ಸುಲಭವಾಗಿ 1,800 ಗ್ರಾಂ ತೂಗುತ್ತದೆ. ಅಲ್ಲಿಗೆ 6,939 ಗ್ರಾಂ. ಇಂಡಿಗೋ, ಏರ್ ಇಂಡಿಯಾ, ಎಮಿರೇಟ್ಸ್, ಕತಾರ್, ಸಿಂಗಪುರ ಏರ್‌ಲೈನ್ಸ್ ಇವೆಲ್ಲದರ ಸಾಮಾನ್ಯ ದರ್ಜೆಯಲ್ಲಿ ಕೈಚೀಲದ ಮಿತಿ 7 ಕೆ.ಜಿ. ಉಳಿದದ್ದು 61 ಗ್ರಾಂ. ಆ ಕ್ಯಾಮೆರಾದ ಒಂದು ಹೆಚ್ಚುವರಿ ಬ್ಯಾಟರಿಯೇ ಸುಮಾರು 80 ಗ್ರಾಂ ಇದೆ! ಚಾರ್ಜರ್, ಕಾರ್ಡು, ಲ್ಯಾಪ್‌ಟಾಪ್ ಇನ್ನೂ ನೆಲದ ಮೇಲೆಯೇ ಇವೆ.

ಹಾಗಾದರೆ ದಾರಿ? ನನ್ನ ಅನುಭವದಲ್ಲಿ ಫಲ ಕೊಟ್ಟವು ಇವು. ಚೀಲವೇ ಹಗುರವಾಗಿರಲಿ: ಮಾಮೂಲಿ ಬೆನ್ನುಚೀಲದೊಳಗೆ ಬಿಡಿಯಾಗಿ ಸಿಗುವ ಮೆತ್ತೆಯ ಪೆಟ್ಟಿಗೆ ಇಟ್ಟರೆ ಏಳೆಂಟುನೂರು ಗ್ರಾಂ ಉಳಿಯುತ್ತದೆ. ಚೀಲ ನೋಡಲು ಅಷ್ಟೇನೂ ಚೆನ್ನಾಗಿರುವುದಿಲ್ಲ, ಕಳ್ಳರಿಗೂ ಅದು ಚೆನ್ನಾಗಿ ಕಾಣಿಸುವುದಿಲ್ಲ ಎಂಬುದು ಸಮಾಧಾನ. ಮಧ್ಯದ ಲೆನ್ಸ್ ಬಿಟ್ಟುಬಿಡಿ. ಮಾರಾದಲ್ಲಿ ಭೂದೃಶ್ಯಕ್ಕೆ ಮೊಬೈಲ್ ಸಾಕು ಎಂದರೆ ಶುದ್ಧ ಛಾಯಾಗ್ರಾಹಕರು ನನ್ನ ಮೇಲೆ ಸಿಟ್ಟಾಗುತ್ತಾರೆ, ಆದರೂ ಹೇಳುತ್ತೇನೆ. ಲ್ಯಾಪ್‌ಟಾಪ್ ಚೀಲವನ್ನೋ ಮಹಿಳೆಯರ ಹೆಗಲ ಚೀಲವನ್ನೋ ಬೇರೆಯಾಗಿ ಬಿಡುವ ಕಂಪನಿಗಳಿವೆ. ಜೊತೆಗೆ ಬರುವವರ ಕೈಚೀಲದಲ್ಲಿ ಬಟ್ಟೆ ಮಾತ್ರ ಇದ್ದರೆ ಒಂದು ಲೆನ್ಸ್ ಅಲ್ಲಿಗೆ ಹೋಗಲಿ. ಇಷ್ಟಾದರೂ ಸಾಲದಿದ್ದರೆ ಜೇಬು ಹೆಚ್ಚಿರುವ ಜಾಕೆಟ್ ತೊಟ್ಟು, ಬಾಡಿಯೊಂದನ್ನು ಕೊರಳಿಗೆ ನೇತುಹಾಕಿಕೊಂಡು, ಬ್ಯಾಟರಿಗಳನ್ನು ಜೇಬಿಗೆ ತುಂಬಿ ಸಾಮಾನು ತೂಗುವ ಕಟ್ಟೆಯ ಮುಂದೆ ನಿಲ್ಲಿ. ಆ ವೇಷದಲ್ಲಿ ನಾನು ಟಿಕೆಟ್ ಯಂತ್ರ ಹೊತ್ತ ಬಸ್ ಕಂಡಕ್ಟರ್‌ನಂತೆ ಕಾಣುತ್ತೇನೆಂದು ಮನೆಯಲ್ಲಿ ಹೇಳುತ್ತಾರೆ.

ಯುರೋಪಿನ ಕಡೆ ಹೊರಡುವವರು ಟಿಕೆಟ್ ಕೊಳ್ಳುವಾಗಲೇ ಇದನ್ನು ನೋಡಬೇಕು. ಲುಫ್ತಾನ್ಸಾದಲ್ಲಿ ಮಿತಿ 8 ಕೆ.ಜಿ., ಏರ್ ಫ್ರಾನ್ಸ್‌ನಲ್ಲಿ ಎಲ್ಲ ಸೇರಿ 12, ಬ್ರಿಟಿಷ್ ಏರ್‌ವೇಸ್‌ನಲ್ಲಿ ಕೈಚೀಲಕ್ಕೇ 23. ಟಿಕೆಟ್ ಎರಡು ಸಾವಿರ ಹೆಚ್ಚಾದರೂ ಲೆನ್ಸ್ ಹೊತ್ತವನಿಗೆ ಅದು ಅಗ್ಗವೇ.

ಬ್ಯಾಟರಿ: ಮನೆಯಲ್ಲೇ ಮಾಡಬೇಕಾದ ಲೆಕ್ಕ

ಇದೊಂದು ನಿಯಮದಲ್ಲಿ ಪ್ರಪಂಚದ ವಿಮಾನ ಕಂಪನಿಗಳೆಲ್ಲ ಒಂದೇ ಮಾತು ಹೇಳುತ್ತವೆ. ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಎರಡೂ ಕೈಚೀಲದಲ್ಲೇ ಇರಬೇಕು, ಚೆಕ್‌-ಇನ್ ಪೆಟ್ಟಿಗೆಗೆ ಹೋಗುವಂತಿಲ್ಲ. ಕಾರಣ ಸರಳ. ಲಿಥಿಯಂ ಬ್ಯಾಟರಿಗೆ ಒಳಗಿಂದ ಬೆಂಕಿ ಹತ್ತಿದರೆ ಒಂದು ಕೋಶದ ಬಿಸಿ ಪಕ್ಕದ ಕೋಶವನ್ನು ಹೊತ್ತಿಸುತ್ತ ಹೋಗುತ್ತದೆ. ಆಸನದ ಬಳಿ ಹಾಗಾದರೆ ಸಿಬ್ಬಂದಿ ನೀರು ಸುರಿದು ತಣಿಸಬಹುದು. ಕೆಳಗಿನ ಸರಕು ಕೋಣೆಯಲ್ಲಾದರೆ ಅಲ್ಲಿಗೆ ಯಾರ ಕೈಯೂ ಎಟುಕುವುದಿಲ್ಲ.

ಎಷ್ಟು ದೊಡ್ಡದನ್ನು ಒಯ್ಯಬಹುದು ಎಂಬುದನ್ನು ವ್ಯಾಟ್‌-ಅವರ್‌ನಲ್ಲಿ ಅಳೆಯುತ್ತಾರೆ. ಬ್ಯಾಟರಿಯ ಮೇಲೆ ಬರೆದಿರುವ ವೋಲ್ಟ್ ಅನ್ನು ಮಿಲಿಆಂಪಿಯರ್‌-ಅವರ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಅದು ಸಿಗುತ್ತದೆ. ಸೋನಿಯ ಎನ್‌ಪಿ-ಎಫ್‌ಝಡ್100 ಬ್ಯಾಟರಿ 7.2 ವೋಲ್ಟ್, 2,280 ಮಿಲಿಆಂಪಿಯರ್‌-ಅವರ್. ಗುಣಿಸಿ ಭಾಗಿಸಿದರೆ 16.4. ನಿಕಾನ್, ಕ್ಯಾನನ್‌ಗಳ ಮಾಮೂಲಿ ಬ್ಯಾಟರಿಗಳೂ ಇದರ ಆಸುಪಾಸಿನಲ್ಲೇ ಇವೆ. 100ರವರೆಗೆ ಅನುಮತಿ ಬೇಕಿಲ್ಲ. 100ರಿಂದ 160ರವರೆಗಿನದಕ್ಕೆ ಕಂಪನಿಯ ಒಪ್ಪಿಗೆ ಮೊದಲೇ ಪಡೆಯಬೇಕು, ಬಿಡಿಯಾಗಿ ಎರಡೇ ಒಯ್ಯಬಹುದು. 160 ದಾಟಿದ್ದು ಪ್ರಯಾಣಿಕರ ಸಾಮಾನಿನಲ್ಲಿ ಬರುವಂತೆಯೇ ಇಲ್ಲ. ಸ್ಥಿರಚಿತ್ರ ತೆಗೆಯುವವರಿಗೆ ಇದರಲ್ಲಿ ತಲೆನೋವಿಲ್ಲ. ವಿಡಿಯೊ ದೀಪಗಳಿಗೆ ದೊಡ್ಡ ಬ್ಯಾಟರಿ ಹಾಕುವವರು ಲೇಬಲ್ ಓದಿಕೊಂಡು ಹೊರಡಬೇಕು.

ಸಿಕ್ಕಿಬೀಳುವುದು ಪವರ್ ಬ್ಯಾಂಕ್‌ನಲ್ಲಿ. ಅದರೊಳಗಿನ ಕೋಶ 3.7 ವೋಲ್ಟ್‌ನದು. 20,000 ಎಂದು ಬರೆದಿದ್ದರೆ 74 ವ್ಯಾಟ್‌-ಅವರ್, ತೊಂದರೆಯಿಲ್ಲ. 30,000 ಎಂದಿದ್ದರೆ 111, ಅನುಮತಿ ಬೇಡದ ಮಿತಿ ಮೀರಿತು. ಬರಹ ಅಳಿಸಿಹೋದ ಹಳೆಯ ಪವರ್ ಬ್ಯಾಂಕ್ ಒಯ್ಯಬೇಡಿ. ಅಳತೆ ಕಾಣಿಸದಿದ್ದರೆ ತಪಾಸಣೆಯವರು ನಿಮ್ಮ ಮಾತನ್ನು ನಂಬಬೇಕಾಗಿಲ್ಲ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಬೂಸಾನ್‌ನಲ್ಲಿ ಹೊರಡಲು ನಿಂತಿದ್ದ ವಿಮಾನವೊಂದರ ತಲೆಮೇಲಿನ ಕಪಾಟಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಎಲ್ಲರೂ ಪಾರಾದರು, ವಿಮಾನ ಸುಟ್ಟುಹೋಯಿತು. ಪವರ್ ಬ್ಯಾಂಕ್ ಕಾರಣವಿರಬಹುದೆಂದು ತನಿಖೆ ಹೇಳಿತು. ಅಲ್ಲಿಂದ ಒಂದೊಂದೇ ಕಂಪನಿ ಬಿಗಿ ಮಾಡುತ್ತಿದೆ. ಬೆಂಗಳೂರಿನಿಂದ ದುಬೈ ಮೂಲಕ ನೈರೋಬಿಗೆ ಹೋಗುವವರು ಗಮನಿಸಬೇಕಾದದ್ದು: ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ಒಬ್ಬರಿಗೆ 100 ವ್ಯಾಟ್‌-ಅವರ್ ಒಳಗಿನ ಒಂದೇ ಪವರ್ ಬ್ಯಾಂಕ್ ಬಿಡುತ್ತದೆ. ಹಾರಾಟದಲ್ಲಿ ಅದರಿಂದ ಏನನ್ನೂ ಚಾರ್ಜ್ ಮಾಡುವಂತಿಲ್ಲ, ತಲೆಮೇಲಿನ ಕಪಾಟಿನಲ್ಲೂ ಇಡುವಂತಿಲ್ಲ.

ಇನ್ನು ಕಟ್ಟುವ ಬಗೆ. ಬ್ಯಾಟರಿಯ ಲೋಹದ ತುದಿಗಳು ನಾಣ್ಯಕ್ಕೋ ಕೀಲಿಕೈಗೋ ತಾಗಬಾರದು. ಜೊತೆಗೆ ಬಂದ ಪ್ಲಾಸ್ಟಿಕ್ ಮುಚ್ಚಳ ಇದ್ದರೆ ಹಾಕಿ, ಕಳೆದುಹೋಗಿದ್ದರೆ ಟೇಪ್ ಅಂಟಿಸಿ. ಎಲ್ಲವನ್ನೂ ಒಂದೇ ಬಟ್ಟೆಯ ಪುಟ್ಟ ಚೀಲದಲ್ಲಿಟ್ಟು, ಅದನ್ನು ಕೈಚೀಲದ ಮೇಲ್ಜೇಬಿನಲ್ಲಿ ಇರಿಸಿ. ಹೀಗೇಕೆ ಎಂಬುದಕ್ಕೆ ಒಂದು ಕಥೆ ಇದೆ. ಒಮ್ಮೆ ವಿಮಾನ ತುಂಬಿದೆ ಎಂದು ಗೇಟಿನಲ್ಲೇ ನನ್ನ ಚೀಲ ಕಸಿದು ಕೆಳಗೆ ಕಳುಹಿಸಲು ನಿಂತರು. ಬ್ಯಾಟರಿ ಕೆಳಗೆ ಹೋಗುವಂತಿಲ್ಲ. ಏಳು ಬ್ಯಾಟರಿ ಏಳು ಮೂಲೆಗಳಲ್ಲಿದ್ದವು. ಹಿಂದೆ ನೂರು ಜನ ನಿಂತಿರುವಾಗ ನೆಲದ ಮೇಲೆ ಕುಳಿತು ಒಂದೊಂದನ್ನೇ ಹೆಕ್ಕಿದೆ. ಒಂದು ಲೆನ್ಸ್‌ನ ಮುಚ್ಚಳ ಅಲ್ಲೇ ಎಲ್ಲೋ ಉರುಳಿಹೋಯಿತು. ಈಗ ಪುಟ್ಟ ಚೀಲವೊಂದನ್ನು ಎಳೆದುಕೊಂಡರೆ ಮುಗಿಯಿತು. ಬಾಡಿ ಮತ್ತು ದೊಡ್ಡ ಲೆನ್ಸನ್ನೂ ಕೊರಳಿಗೆ ಹಾಕಿಕೊಳ್ಳುತ್ತೇನೆ; ಖಾಲಿ ಚೀಲ ಬೇಕಾದರೆ ಅವರೇ ಒಯ್ಯಲಿ.

ಪೆಟ್ಟಿಗೆಯ ಪಾಲು

ಟ್ರೈಪಾಡ್, ಮಾನೋಪಾಡ್, ಭಾರದ ಲೆನ್ಸನ್ನು ಸುಲಭವಾಗಿ ತಿರುಗಿಸುವ ಗಿಂಬಲ್ ಹೆಡ್ ಇವು ಚೆಕ್‌-ಇನ್ ಪೆಟ್ಟಿಗೆಗೆ ಹೋಗಲಿ. ಕೆಲವು ದೇಶಗಳಲ್ಲಿ ಟ್ರೈಪಾಡನ್ನು ಕೈಯಲ್ಲೇ ಒಯ್ಯಲು ಬಿಡುತ್ತಾರೆ. ಆದರೆ ಹೋಗುವಾಗ ಬಿಟ್ಟವರು ಬರುವಾಗ ಬಿಡುತ್ತಾರೆಂಬ ಭರವಸೆಯಿಲ್ಲ. ದೊಣ್ಣೆಯಾಗಬಲ್ಲದ್ದನ್ನು ಬಿಡಬೇಕೇ ಬೇಡವೇ ಎಂಬುದು ಆ ಹೊತ್ತಿಗೆ ನಿಂತ ಸಿಬ್ಬಂದಿಯ ವಿವೇಚನೆ. ಮಾರಾದಲ್ಲಿ ಜೀಪಿನಿಂದ ಇಳಿಯುವ ಪ್ರಶ್ನೆಯೇ ಇಲ್ಲದಿರುವುದರಿಂದ ಟ್ರೈಪಾಡ್ ಮನೆಯಲ್ಲೇ ಇದ್ದರೂ ನಡೆಯುತ್ತದೆ.

ಚಿಕ್ಕ ಸಾಮಾನುಗಳನ್ನು ಜನ ಮರೆಯುತ್ತಾರೆ. ಪ್ಲೇಟ್ ಬಿಗಿಸುವ ಆರು ಮೂಲೆಯ ಕೀಲಿ, ಸ್ಕ್ರೂಡ್ರೈವರ್, ಚಾಕು ಇರುವ ಮಡಿಸುವ ಉಪಕರಣ ಇವೆಲ್ಲ ವರ್ಷಗಟ್ಟಲೆ ಕ್ಯಾಮೆರಾ ಚೀಲದ ತಳದಲ್ಲೇ ಬಿದ್ದಿರುತ್ತವೆ. ಚೀಲವನ್ನು ತಲೆಕೆಳಗು ಮಾಡಿ ಕೊಡವಿ. ನನ್ನ ಚೀಲದಿಂದ ಒಮ್ಮೆ ಹೊಲದಲ್ಲಿ ಹೆಕ್ಕಿದ್ದ ಮುಳ್ಳುಹಂದಿಯ ಮುಳ್ಳು ಬಿತ್ತು. ವನ್ಯಜೀವಿಯ ಭಾಗ ಹೊತ್ತು ದೇಶ ದಾಟಿದ್ದರೆ ಏನಾಗುತ್ತಿತ್ತೋ. ಲೆನ್ಸ್ ಒರೆಸುವ ದ್ರವ 100 ಮಿ.ಲೀ. ಒಳಗಿನ ಶೀಸೆಯಲ್ಲಿದ್ದರೆ ಕೈಯಲ್ಲೇ ಇರಲಿ. ಒತ್ತಡದ ಗಾಳಿ ತುಂಬಿದ ಡಬ್ಬಿ ಎಲ್ಲಿಯೂ ಸಲ್ಲದು, ಕೈಯಿಂದ ಒತ್ತುವ ರಬ್ಬರ್ ಬುರುಡೆ ಸಾಕು. ಅದರ ರಾಕೆಟ್ ಆಕಾರ ನೋಡಿ ತಪಾಸಣೆಯವರು ಹುಬ್ಬೇರಿಸಿದರೆ ಒಮ್ಮೆ ಒತ್ತಿ ತೋರಿಸಿ. ದಿಂಬು ಖಾಲಿಯಾಗಿಯೇ ಹೋಗಲಿ, ಅಕ್ಕಿಯೋ ಕಾಳೋ ನೈರೋಬಿಯ ಅಂಗಡಿಯಲ್ಲಿ ಸಿಗುತ್ತದೆ.

ಡ್ರೋನ್ ಬಗ್ಗೆ ಒಂದೇ ಮಾತು: ಬಿಟ್ಟು ಹೋಗಿ. ಕೀನ್ಯಾದಲ್ಲಿ ಅಲ್ಲಿನ ನಾಗರಿಕ ವಿಮಾನಯಾನ ಪ್ರಾಧಿಕಾರದ ಅನುಮತಿ ಇಲ್ಲದೆ ಡ್ರೋನ್ ತಂದರೆ ವಿಮಾನ ನಿಲ್ದಾಣದಲ್ಲೇ ಹಿಡಿದಿಡುತ್ತಾರೆ. ಈಜಿಪ್ಟ್, ಮೊರಾಕೊಗಳಲ್ಲೂ ಅದೇ ಕಥೆ. 2022ರ ಫೆಬ್ರುವರಿಯಿಂದ ಭಾರತವೂ ವಿದೇಶಿ ಡ್ರೋನ್‌ಗಳ ಆಮದನ್ನು ನಿಷೇಧಿಸಿರುವುದರಿಂದ, ಮರಳಿ ಬರುವಾಗಲೂ ಅದು ನಿಮ್ಮದೇ ಎಂದು ಸಾಬೀತು ಮಾಡುವ ಕೆಲಸ ಹೆಗಲೇರುತ್ತದೆ.

ಸುಂಕದ ಕಾಗದ: ಎಲ್ಲರೂ ಬಿಟ್ಟುಬಿಡುವ ಮೆಟ್ಟಿಲು

ನಿಮ್ಮದೇ ಕ್ಯಾಮೆರಾ, ಬೆಂಗಳೂರಿನಲ್ಲೇ ಕೊಂಡದ್ದು, ತೆರಿಗೆ ಕಟ್ಟಿದ್ದು. ಹದಿನೈದು ದಿನ ಬಿಟ್ಟು ಮರಳಿದಾಗ ಸುಂಕ ಅಧಿಕಾರಿಗೆ ಅದು ಹೇಗೆ ಗೊತ್ತಾಗಬೇಕು? ಮೂರು ಲಕ್ಷದ ಲೆನ್ಸ್ ಹೊಳೆಯುತ್ತಿದ್ದರೆ, ದುಬೈಯಲ್ಲಿ ಕೊಂಡಿರಬಹುದೆಂದು ಅವರು ಕೇಳುವುದು ಸಹಜ. ಈ ಪ್ರಶ್ನೆಗೆ ಉತ್ತರ ಹೊರಡುವಾಗಲೇ ಪಡೆಯುವ ರಫ್ತು ಪ್ರಮಾಣಪತ್ರ.

ಇದಕ್ಕೆ ಬೇಕಾದದ್ದು ನಾಲ್ಕು: ಪಾಸ್‌ಪೋರ್ಟ್, ಟಿಕೆಟ್, ಬಿಲ್ಲುಗಳ ಪ್ರತಿ, ಮತ್ತು ಸಾಮಾನಿನ ಪಟ್ಟಿ. ಪಟ್ಟಿಯನ್ನು ಮನೆಯಲ್ಲೇ ಮುದ್ರಿಸಿಕೊಳ್ಳಿ. ಕಂಪನಿ, ಮಾದರಿ, ಕ್ರಮಸಂಖ್ಯೆ, ಕೊಂಡ ವರ್ಷ, ಬೆಲೆ ಇಷ್ಟು ಕಾಲಂ ಇದ್ದರೆ ಸಾಕು. ಬಾಡಿಯ ಕ್ರಮಸಂಖ್ಯೆ ತಳದಲ್ಲಿರುತ್ತದೆ, ಲೆನ್ಸ್‌ನದು ಬಹುತೇಕ ಹಿಂಭಾಗದ ಉಂಗುರದ ಬಳಿ. ಕನ್ನಡಕ ಹಾಕಿಕೊಂಡು ಹಗಲಲ್ಲಿ ಬರೆದುಕೊಳ್ಳಿ. ಒಂದು ಅಂಕಿ ತಪ್ಪಿದರೆ ಕಾಗದಕ್ಕೂ ಲೆನ್ಸಿಗೂ ಸಂಬಂಧ ಕಡಿದುಹೋಗುತ್ತದೆ.

2023ರ ಸೆಪ್ಟೆಂಬರ್‌ನಿಂದ ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನಗಳು ಹೊರಡುವುದು ಕೆಂಪೇಗೌಡ ನಿಲ್ದಾಣದ 2ನೇ ಟರ್ಮಿನಲ್‌ನಿಂದ. ಒಳಗೆ ಹೋದ ತಕ್ಷಣ, ಪೆಟ್ಟಿಗೆ ಒಪ್ಪಿಸುವುದಕ್ಕಿಂತ ಮೊದಲು, ಸುಂಕ ಅಧಿಕಾರಿ ಎಲ್ಲಿ ಸಿಗುತ್ತಾರೆಂದು ಸಹಾಯ ಕೇಂದ್ರದಲ್ಲಿ ಕೇಳಿ. ಅವರು ಸಾಮಾನನ್ನು ಕಣ್ಣಾರೆ ನೋಡಿ, ಸಂಖ್ಯೆ ತಾಳೆ ಮಾಡಿ, ಮುದ್ರೆ ಹಾಕುತ್ತಾರೆ. ಪೆಟ್ಟಿಗೆ ಒಳಗೆ ಹೋದ ಮೇಲೆ ಹೋದರೆ ತೋರಿಸಲು ಏನೂ ಇರುವುದಿಲ್ಲ. ಈ ಕೆಲಸಕ್ಕೆಂದೇ ಒಂದು ಗಂಟೆ ಹೆಚ್ಚು ಇಟ್ಟುಕೊಂಡು ಮನೆ ಬಿಡಿ. ಏರ್‌ಪೋರ್ಟ್ ರಸ್ತೆಯ ಹೆಬ್ಬಾಳದ ಲೆಕ್ಕ ಬೇರೆ, ಅದನ್ನು ಬೆಂಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ರಾತ್ರಿ ಎರಡು ಗಂಟೆಗೆ ‘ಇದೆಲ್ಲ ಬೇಕಾಗಿಲ್ಲ, ಬಿಲ್ ಇದ್ದರೆ ಸಾಕು’ ಎಂದು ಯಾರಾದರೂ ಹೇಳಿದರೂ ನಯವಾಗಿ ಮತ್ತೊಮ್ಮೆ ಕೇಳಿ. ಕಾಗದ ಸಿಕ್ಕಿದ ಮೇಲೆ ಮೊಬೈಲಿನಲ್ಲಿ ಅದರ ಚಿತ್ರ ತೆಗೆದು, ಮೂಲವನ್ನು ಪಾಸ್‌ಪೋರ್ಟ್ ಜೊತೆಯೇ ಇಡಿ.

ಚಿತ್ರತಂಡ, ಸಾಕ್ಷ್ಯಚಿತ್ರ ತಂಡಗಳಂತೆ ಪೆಟ್ಟಿಗೆಗಟ್ಟಲೆ ಉಪಕರಣ ಒಯ್ಯುವವರ ದಾರಿ ಬೇರೆ. ಉಪಕರಣವನ್ನು ಸುಂಕ ಕಟ್ಟದೆ ತಾತ್ಕಾಲಿಕವಾಗಿ ಬೇರೆ ದೇಶಕ್ಕೆ ಒಯ್ದು ಮರಳಿ ತರಲು ಬಿಡುವ ಎಟಿಎ ಕಾರ್ನೆ ಎಂಬ ದಾಖಲೆಯನ್ನು ಅವರು ಮಾಡಿಸುತ್ತಾರೆ. ಭಾರತದಲ್ಲಿ ಅದನ್ನು ಕೊಡುವುದು ವಾಣಿಜ್ಯ ಮಂಡಳಿಗಳ ಒಕ್ಕೂಟವಾದ ಫಿಕ್ಕಿ. ಹವ್ಯಾಸಿಗಳಿಗೆ ಅದರ ಗೊಡವೆ ಬೇಡ.

ಟ್ರೇಯ ಮುಂದೆ

ಎಕ್ಸ್‌-ರೇ ಯಂತ್ರದ ತೆರೆಯ ಮೇಲೆ ವಸ್ತುಗಳು ಬಣ್ಣಗಳಾಗಿ ಕಾಣುತ್ತವೆ. ಅನ್ನ, ಬಟ್ಟೆ, ಸೋಪಿನಂಥವು ಕಿತ್ತಳೆ, ಲೋಹ ನೀಲಿ, ನಡುವಿನವು ಹಸಿರು. ಕಿರಣ ತೂರದಷ್ಟು ದಟ್ಟವಾದದ್ದು ಕಪ್ಪು. ದೊಡ್ಡ ಲೆನ್ಸ್‌ನೊಳಗೆ ದಪ್ಪ ಗಾಜಿನ ಹದಿನೈದಿಪ್ಪತ್ತು ತುಂಡುಗಳು ಲೋಹದ ಕೊಳವೆಯಲ್ಲಿ ಕುಳಿತಿರುತ್ತವೆ. ಅದರ ಕೆಳಗೆ ಬಾಡಿ, ಅದರ ಕೆಳಗೆ ಚಾರ್ಜರ್ ಇದ್ದರೆ ತೆರೆಯಲ್ಲಿ ಕಾಣುವುದು ಒಂದು ಕಪ್ಪು ಗುಡ್ಡೆ. ಕಪ್ಪು ಗುಡ್ಡೆಯನ್ನು ತೆರೆಸಿ ನೋಡುವುದು ಅವರ ಕೆಲಸ. ನನ್ನ ಹುರುಳಿ ದಿಂಬು ದೊಡ್ಡ ಕಿತ್ತಳೆ ಇಟ್ಟಿಗೆಯಂತೆ ಕಂಡಿರಬೇಕು. ಅವರು ಕಲಿತ ಪಾಠದಲ್ಲಿ ಅಂಥ ಇಟ್ಟಿಗೆಗೆ ಬೇರೆಯೇ ಅರ್ಥ ಇದೆ.

ಆದ್ದರಿಂದ ಚೀಲದಲ್ಲಿ ಎಲ್ಲವೂ ಒಂದೇ ಪದರದಲ್ಲಿ ಮಲಗಲಿ, ಒಂದರ ಮೇಲೊಂದು ಬೇಡ. ನಮ್ಮ ನಿಲ್ದಾಣಗಳಲ್ಲಿ ಸಿಐಎಸ್‌ಎಫ್ ಸಿಬ್ಬಂದಿ ಲ್ಯಾಪ್‌ಟಾಪ್, ಪವರ್ ಬ್ಯಾಂಕ್, ಚಾರ್ಜರ್ ಜೊತೆಗೆ ಕ್ಯಾಮೆರಾ, ಲೆನ್ಸ್‌ಗಳನ್ನೂ ಹೊರಗಿಡಲು ಹೇಳುವುದು ಸಾಮಾನ್ಯ. ಅವರು ಹೇಳುವವರೆಗೆ ಕಾಯಬೇಡಿ. ಮೂರು ಟ್ರೇ ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಬೆಲ್ಟ್, ಕೈಗಡಿಯಾರ, ನಾಣ್ಯ. ಎರಡನೆಯದರಲ್ಲಿ ಕ್ಯಾಮೆರಾ ಬಾಡಿ, ಲೆನ್ಸ್, ಬ್ಯಾಟರಿ ಚೀಲ. ಅಡಿಗೆ ಒಂದು ಟವಲ್ ಹಾಸಿದರೆ ಲೆನ್ಸ್ ಉರುಳುವುದಿಲ್ಲ. ಮೂರನೆಯದರಲ್ಲಿ ಲ್ಯಾಪ್‌ಟಾಪ್. ಕೊನೆಗೆ ಖಾಲಿ ಚೀಲ. ಈ ಕ್ರಮಕ್ಕೆ ಕಾರಣವಿದೆ: ಆ ಬದಿಗೆ ನೀವು ತಲುಪುವ ಮುನ್ನ ಕ್ಯಾಮೆರಾ ತಲುಪಬಾರದು. ನಿಮ್ಮ ಮುಂದೆ ದೇಹ ತಪಾಸಣೆಗೆ ಉದ್ದ ಸಾಲಿದ್ದರೆ ಎರಡನೇ ಟ್ರೇಯನ್ನು ಕೈಯಲ್ಲೇ ಹಿಡಿದು ನಿಲ್ಲಿ, ಸರದಿ ಹತ್ತಿರ ಬಂದಾಗ ಪಟ್ಟಿಯ ಮೇಲೆ ಇಡಿ. ಹಿಂದಿನವರು ಗೊಣಗಿದರೆ ಅವರಿಗೆ ದಾರಿ ಬಿಡಿ.

ಕ್ಯಾಮೆರಾ ಆನ್ ಮಾಡಿ ತೋರಿಸಲು ಹೇಳಬಹುದು. ಬ್ಯಾಟರಿ ಸತ್ತಿದ್ದರೆ ಆ ಕ್ಷಣಕ್ಕೆ ಅದು ಕ್ಯಾಮೆರಾ ಎಂಬುದಕ್ಕೆ ಸಾಕ್ಷಿಯಿಲ್ಲ. ಚಾರ್ಜ್ ಮಾಡಿಯೇ ಹೊರಡಿ. ಲೆನ್ಸ್‌ನ ಎರಡೂ ಮುಚ್ಚಳ ತೆಗೆದು ಬೆಳಕಿಗೆ ಹಿಡಿದು ತೋರಿಸಲು ಕೇಳಿದರೆ ನೀವೇ ತೆಗೆಯಿರಿ. ‘ನಾನೇ ತೆಗೆಯಲೇ, ಧೂಳು ಹೋದರೆ ಹಾಳಾಗುತ್ತದೆ’ ಎಂದು ನಗುಮುಖದಿಂದ ಹೇಳಿದರೆ ಯಾರೂ ಬೇಡವೆನ್ನುವುದಿಲ್ಲ. ಇನ್ನೊಂದು ಎಚ್ಚರಿಕೆ: ತಪಾಸಣೆ, ವಲಸೆ ವಿಭಾಗಗಳ ಚಿತ್ರ ತೆಗೆಯುವಂತಿಲ್ಲ. ಕ್ಯಾಮೆರಾ ಸರಿಯಿದೆಯೇ ಎಂದು ನೋಡಲು ಅಲ್ಲೇ ಒಂದು ಕ್ಲಿಕ್ ಮಾಡಿ ಸಿಕ್ಕಿಬಿದ್ದವರನ್ನು ಕಂಡಿದ್ದೇನೆ.

ಎಕ್ಸ್‌-ರೇಯಿಂದ ಮೆಮೊರಿ ಕಾರ್ಡಿಗೂ ಸೆನ್ಸರಿಗೂ ಏನೂ ಆಗುವುದಿಲ್ಲ.

ಫಿಲಂ ಹೊತ್ತವರಿಗೆ

ಹಳೆಯ ಫಿಲಂ ಕ್ಯಾಮೆರಾ ಮತ್ತೆ ಕೈಗೆತ್ತಿಕೊಂಡವರು ಈಗ ನಮ್ಮಲ್ಲೂ ಹೆಚ್ಚುತ್ತಿದ್ದಾರೆ. ಅವರಿಗೆ ಮೇಲಿನ ಸಮಾಧಾನ ಅನ್ವಯಿಸುವುದಿಲ್ಲ. ಚೆಕ್‌-ಇನ್ ಪೆಟ್ಟಿಗೆಗಳನ್ನು ನೋಡುವ ಯಂತ್ರದ ಕಿರಣ ಬಲು ಜೋರು. ಫಿಲಂ ಅಲ್ಲಿಗೆ ಹೋಗಲೇಬಾರದು. ಕೈಚೀಲದ ಹಳೆಯ ಯಂತ್ರಗಳು ಐಎಸ್‌ಒ 800ಕ್ಕಿಂತ ಕೆಳಗಿನ (ಬೆಳಕಿಗೆ ಕಡಿಮೆ ಸೂಕ್ಷ್ಮವಾದ) ಫಿಲಂಗೆ ಒಂದೆರಡು ಸಲಕ್ಕೆ ಅಂಥ ಹಾನಿ ಮಾಡುತ್ತಿರಲಿಲ್ಲ. ಈಗ ಒಂದೊಂದೇ ನಿಲ್ದಾಣಕ್ಕೆ ಬರುತ್ತಿರುವ ಸಿಟಿ ಸ್ಕ್ಯಾನರ್‌ಗಳು ಹಾಗಲ್ಲ. ಆಸ್ಪತ್ರೆಯ ಸಿಟಿ ಯಂತ್ರದಂತೆ ಸುತ್ತಲೂ ತಿರುಗಿ ಚಿತ್ರ ಹಿಡಿಯುವ ಇವುಗಳಲ್ಲಿ ಒಮ್ಮೆ ಹೋದರೂ ಫಿಲಂ ಮಂಜಾಗಬಹುದೆಂದು ಕೊಡಾಕ್ ಅಲಾರಿಸ್ ಎಚ್ಚರಿಸಿದೆ. ಲ್ಯಾಪ್‌ಟಾಪ್ ಹೊರತೆಗೆಯಬೇಡಿ, ಹಾಗೆಯೇ ಇಡಿ ಎಂದರೆ ಅದು ಸಿಟಿ ಯಂತ್ರವಿರಬಹುದು ಎಂದು ಊಹಿಸಿ.

ರೋಲುಗಳನ್ನು ರಟ್ಟಿನ ಡಬ್ಬಿಯಿಂದ ಬಿಡಿಸಿ, ಒಳಗಿನದು ಕಾಣುವ ಚೀಲದಲ್ಲಿ ಹಾಕಿ, ಟ್ರೇಯ ಬಳಿ ಬರುವ ಮುನ್ನವೇ ಕೈಯಿಂದ ನೋಡಿ ಎಂದು ಕೇಳಿಕೊಳ್ಳಿ. ಅಮೆರಿಕದಲ್ಲಿ ಈ ಕೋರಿಕೆಗೆ ಅಲ್ಲಿನ ನಿಲ್ದಾಣ ಭದ್ರತಾ ಸಂಸ್ಥೆ ಟಿಎಸ್‌ಎ ಅವಕಾಶ ಕೊಡುತ್ತದೆ. ಬೇರೆಡೆ ಎದುರಿಗಿರುವವರ ಮನಸ್ಸಿನ ಮೇಲೆ ನಿಂತಿದೆ. ಜನಸಂದಣಿ ಕಡಿಮೆ ಇರುವಾಗ ಕೇಳಿದರೆ ಒಪ್ಪುವ ಸಂಭವ ಹೆಚ್ಚು. ಸೀಸದ ಚೀಲ ಕೊಳ್ಳಲು ಹೋಗಬೇಡಿ. ತೆರೆಯಲ್ಲಿ ಅದು ಕಪ್ಪಾಗಿ ಕಂಡಾಗ ಹೇಗೂ ತೆರೆಸುತ್ತಾರೆ.

ನೈರೋಬಿ ಮತ್ತು ಪುಟ್ಟ ವಿಮಾನ

ದುಬೈ, ದೋಹಾಗಳಲ್ಲಿ ವಿಮಾನ ಬದಲಿಸುವಾಗ ತಪಾಸಣೆ ಮತ್ತೊಮ್ಮೆ ಆಗುತ್ತದೆ, ಆದ್ದರಿಂದ ಟ್ರೇಯ ಶಿಸ್ತು ಅಲ್ಲಿಯೂ ಬೇಕು. ನೈರೋಬಿಯಲ್ಲಿ ಇಳಿದ ಮೇಲೆ ಎರಡು ವಿಷಯ ಹೊಸಬರಿಗೆ ಗೊತ್ತಿರುವುದಿಲ್ಲ.

ಒಂದು, ಪ್ಲಾಸ್ಟಿಕ್. ಕೀನ್ಯಾ 2017ರ ಆಗಸ್ಟ್ 28ರಿಂದ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದೆ. ಉಲ್ಲಂಘನೆಗೆ ನಾಲ್ಕು ವರ್ಷದವರೆಗೆ ಸೆರೆವಾಸಕ್ಕೂ ಅಲ್ಲಿನ ಕಾನೂನಿನಲ್ಲಿ ಅವಕಾಶವಿದೆ. ಮಾರಾದ ಕೆಂಪು ಧೂಳಿಗೆ ಹೆದರಿ ಲೆನ್ಸ್‌ಗಳನ್ನು ಅಂಗಡಿಯ ಕವರ್‌ಗಳಲ್ಲಿ ಸುತ್ತಿಕೊಂಡು ಹೋಗುವ ಅಭ್ಯಾಸ ನಮ್ಮದು. ಅದರ ಬದಲು ತಲೆದಿಂಬಿನ ಹಳೆಯ ಹತ್ತಿ ಕವರ್ ಒಯ್ಯಿರಿ, ಧೂಳನ್ನೂ ಅದು ಚೆನ್ನಾಗಿಯೇ ತಡೆಯುತ್ತದೆ. ದುಬೈಯ ಸುಂಕರಹಿತ ಅಂಗಡಿಯ ಚೀಲವನ್ನೂ ವಿಮಾನದಲ್ಲೇ ಬಿಟ್ಟು ಇಳಿಯಿರಿ.

ಎರಡು, ತೂಕ, ಮತ್ತೆ. ಮಾರಾಕ್ಕೆ ರಸ್ತೆಯ ಬದಲು ಹಾರಿ ಹೋಗುವವರು ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಪುಟ್ಟ ವಿಮಾನ ಹತ್ತುತ್ತಾರೆ. ಅಲ್ಲಿ ಸಾಮಾನ್ಯ ಮಿತಿ ಕೈಚೀಲ ಸೇರಿ 15 ಕೆ.ಜಿ., ಅದೂ ಬಗ್ಗುವ ಮೆತ್ತನೆಯ ಚೀಲಗಳಲ್ಲಿ. ವಿಮಾನದ ಹೊಟ್ಟೆಯ ಸಣ್ಣ ಕೋಣೆಗೆ ಗಟ್ಟಿ ಪೆಟ್ಟಿಗೆ ತೂರುವುದಿಲ್ಲ. ಬೆಂಗಳೂರಿನಿಂದ 30 ಕೆ.ಜಿ. ತಂದವರು ಇಲ್ಲಿ ಪೆಚ್ಚಾಗುತ್ತಾರೆ. ಉಳಿದ ಸಾಮಾನನ್ನು ನೈರೋಬಿಯ ಹೋಟೆಲಿನಲ್ಲಿ ಬಿಡುವ ವ್ಯವಸ್ಥೆ ಮೊದಲೇ ಮಾಡಿಕೊಳ್ಳಿ. ಇಲ್ಲವೇ ಸಾಮಾನಿಗೆಂದೇ ಒಂದು ಆಸನ ಕೊಳ್ಳಬಹುದು. ನಾಲ್ಕು ಜನರ ಗುಂಪಿಗೆ ಅದು ಹಂಚಿಹೋಗುತ್ತದೆ.

ಹೊರಡುವಾಗ ಜೋಮೊ ಕೆನ್ಯಾಟಾ ನಿಲ್ದಾಣದ ಆವರಣದಲ್ಲೇ, ಟರ್ಮಿನಲ್‌ಗೆ ಸಾಕಷ್ಟು ಮುಂಚೆ, ಪ್ರಯಾಣಿಕರನ್ನು ವಾಹನದಿಂದ ಇಳಿಸಿ ತಪಾಸಣೆ ಮಾಡುತ್ತಾರೆ. ಆಮೇಲೆ ಒಳಗೆ ಮತ್ತೆ. ಸಮಯ ಇಟ್ಟುಕೊಳ್ಳಿ. ಚಿತ್ರಗಳಿರುವ ಕಾರ್ಡುಗಳು ಕ್ಯಾಮೆರಾದಲ್ಲಾಗಲೀ ಚೀಲದಲ್ಲಾಗಲೀ ಬೇಡ, ಅಂಗಿಯ ಗುಂಡಿ ಹಾಕುವ ಜೇಬಿನಲ್ಲಿರಲಿ. ಅವುಗಳ ಪ್ರತಿ ಇರುವ ಹಾರ್ಡ್ ಡಿಸ್ಕ್ ಜೊತೆಗಾರರ ಚೀಲದಲ್ಲಿರಲಿ. ಕ್ಯಾಮೆರಾ ಹೋದರೆ ವಿಮೆ ಕೊಟ್ಟೀತು, ನದಿ ದಾಟುವ ಹಿಂಡನ್ನು ಯಾರೂ ಮರಳಿ ಕರೆತರಲಾರರು.

ಮರಳಿ ದೇವನಹಳ್ಳಿಗೆ

ಕೀನ್ಯಾದಿಂದ ಬಂದವರಿಗೆ ಹಳದಿ ಜ್ವರದ ಲಸಿಕೆ ಪತ್ರ ಕೇಳುತ್ತಾರೆ. ಅದನ್ನು ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲೇ ಹಾಕಿಸಿಕೊಂಡಿರಬೇಕು. ಅದು ದಾಟಿದರೆ ಸುಂಕದ ದಾರಿ. ಒಯ್ದ ಸಾಮಾನನ್ನಷ್ಟೇ ತಂದಿದ್ದರೆ ಹಸಿರು ದಾರಿಯಲ್ಲಿ ನಡೆಯಿರಿ. ಯಾರಾದರೂ ನಿಲ್ಲಿಸಿದರೆ ರಫ್ತು ಪ್ರಮಾಣಪತ್ರ ಕೊಟ್ಟು ಸಂಖ್ಯೆ ತೋರಿಸಿ. ನನ್ನನ್ನು ನಿಲ್ಲಿಸಿದ ಎರಡು ಸಲವೂ ಮಾತು ಎರಡು ನಿಮಿಷದಲ್ಲಿ ಮುಗಿಯಿತು. ಜೊತೆಗೆ ಬಂದಿದ್ದ, ಕಾಗದ ಮಾಡಿಸದ ಗೆಳೆಯರೊಬ್ಬರು ಐದು ವರ್ಷದ ಹಿಂದಿನ ಬಿಲ್ಲನ್ನು ಮೊಬೈಲಿನ ಮಿಂಚಂಚೆಯಲ್ಲಿ ಹುಡುಕುತ್ತ ಮುಕ್ಕಾಲು ಗಂಟೆ ನಿಂತಿದ್ದರು.

ದಾರಿಯಲ್ಲಿ ಹೊಸ ಲೆನ್ಸ್ ಕೊಂಡಿದ್ದೀರಾದರೆ ಕೆಂಪು ದಾರಿಗೆ ಹೋಗಿ ಬಿಲ್ ಸಹಿತ ಹೇಳಿಬಿಡಿ. ಸುಂಕಮುಕ್ತ ಮಿತಿಯನ್ನು ಸರ್ಕಾರ ಆಗಾಗ ಬದಲಿಸುತ್ತದೆ, ಹೊರಡುವ ಮುನ್ನ ಸುಂಕ ಇಲಾಖೆಯ ಜಾಲತಾಣದಲ್ಲಿ ನೋಡಿಕೊಂಡು, ಮಿತಿ ಮೀರಿದ ಭಾಗಕ್ಕೆ ಕಟ್ಟಬೇಕಾದದ್ದನ್ನು ಸೇರಿಸಿ ಲೆಕ್ಕ ಹಾಕಿದರೆ ದುಬೈಯ ಬೆಲೆ ಅಷ್ಟೇನೂ ಅಗ್ಗವಲ್ಲ ಎಂದು ಅನೇಕ ಸಲ ಗೊತ್ತಾಗುತ್ತದೆ. ಡಬ್ಬಿ ಎಸೆದು, ಹೊಸ ಲೆನ್ಸನ್ನು ಕ್ಯಾಮೆರಾಗೆ ಹಾಕಿಕೊಂಡು ಹಳೆಯದೆಂಬಂತೆ ನಡೆಯುವ ಉಪಾಯ ಅಧಿಕಾರಿಗಳಿಗೂ ಗೊತ್ತು.

ಮಾರಾದಲ್ಲಿ ಮಸಾಯಿ ಜನ ಮಾರುವ ‘ರುಂಗು’ ಎಂಬ ಉರುಟು ತಲೆಯ ಮರದ ದೊಣ್ಣೆಯನ್ನು ಕೊಂಡಿದ್ದರೆ ಅದು ಚೆಕ್‌-ಇನ್ ಪೆಟ್ಟಿಗೆಯಲ್ಲಿರಲಿ. ನನ್ನದು ನೈರೋಬಿಯ ಟ್ರೇಯಲ್ಲೇ ಉಳಿದಿದೆ.